ಮಡಿ ಉಟ್ಟ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಈಗ ಯಾರ ಪೆನ್ ಡ್ರೈವನ್ನೂ ಮುಟ್ಟುವುದಿಲ್ಲ. ಚುಚ್ಚಿದರೆ ಚುಚ್ಚಿಸಿಕೊಳ್ಳುತ್ತದೆ, ಪೆನ್ ಡ್ರೈವಿನ ಸಣ್ಣ ದೀಪವೂ ಹತ್ತುತ್ತದೆ, ಆದರೆ ಪರದೆಯ ಮೇಲೆ ಏನೆಂದರೆ ಏನೂ ಬರುವುದಿಲ್ಲ. ಬಂದವರು ಅದನ್ನು ತೆಗೆದು, ಊದಿ, ಸೆರಗಿಗೋ ಅಂಗಿಯ ತುದಿಗೋ ಒರೆಸಿ ಮತ್ತೆ ಚುಚ್ಚುತ್ತಾರೆ. "ಬತ್ತೇ ಇಲ್ಲೆ" ಎಂದು ನನ್ನ ಕಡೆ ನೋಡುತ್ತಾರೆ. "ಬಪ್ಪಲಾಗ ಹೇಳೇ ಮಾಡ್ಸಿದ್ದು" ಎನ್ನುತ್ತೇನೆ. ಬರಬಾರದು ಎಂದು ಯಾರಾದರೂ ಬೇಕೆಂದೇ ಮಾಡಿಸಿಕೊಳ್ಳುತ್ತಾರೆಯೇ ಎಂದು ಅವರಿಗೆ ಆಶ್ಚರ್ಯ.

ಶಿರಸಿಯ ನಮ್ಮ ಓಣಿಯಲ್ಲಿ ಪ್ರಿಂಟರ್ ಇರುವ ಮನೆ ನಮ್ಮದೊಂದೇ. ನಾನು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ಮೂವತ್ತು ವರ್ಷ ದುಡಿದು ಮನೆಯಲ್ಲಿ ಕೂತವಳು. ಶಾಲೆಯ ಕಾಗದಪತ್ರದ ಕಾಟಕ್ಕೆ ಕಂಪ್ಯೂಟರ್ ಕಲಿತೆ, ನಿವೃತ್ತಿಯ ನಂತರ ಬಿಡಲಾಗಲಿಲ್ಲ. ಹಾಗಾಗಿ ಪಹಣಿಯ ಪ್ರತಿಯೋ, ಮಹಿಳಾ ಸಂಘದ ಅರ್ಜಿಯೋ, ಸತ್ಯನಾರಾಯಣ ಕಥೆಯ ಕರೆಯೋಲೆಯೋ ಹಿಡಿದುಕೊಂಡು ಎಲ್ಲರೂ ನಮ್ಮಲ್ಲಿಗೇ ಬರುವುದು. ಅವರ ಪೆನ್ ಡ್ರೈವ್‌ಗಳೋ, ದೇವರೇ ಕಾಪಾಡಬೇಕು. ಒಂದರಲ್ಲಿ ತಾಳಮದ್ದಳೆ, ಭಜನೆ, ಯಾರದೋ ಮಗುವಿನ ನಾಮಕರಣ, ಯಾರೋ ಜೀಪಿನಲ್ಲಿ ಕೇಳುವ ಹಾಡು, ಎಲ್ಲ ಒಟ್ಟಿಗೆ. ಊರಿಡೀ ಸುತ್ತಿ, ಕಂಡಕಂಡ ಯಂತ್ರಕ್ಕೆ ಬಾಯಿ ಹಾಕಿ ಬಂದದ್ದು. ಈಗ ಅದಕ್ಕೆಲ್ಲ ಬಾಗಿಲು ಹಾಕಿದ ಮೇಲೆ ಓಣಿಯವರಿಗೆ ನನ್ನ ಮೇಲೆ ಮುನಿಸು. ನಮ್ಮ ಯಜಮಾನರಂತೂ ಬಂದವರಿಗೆಲ್ಲ ಜಗಲಿಯಲ್ಲೇ ಹೇಳುತ್ತಾರೆ, "ಅದು ಮಡಿ ಉಟ್ಗಂಡು ಕೂತಿದ್ದು. ಮುಟ್ಟಲಾಗ." ಎಲ್ಲರೂ ನಗುತ್ತಾರೆ. ನನಗೆ ಪಿತ್ತ ನೆತ್ತಿಗೇರುತ್ತದೆ. ಯಾಕೆ ಹೀಗೆ ಮಾಡಿಸಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿದ್ದೂ ನಗುತ್ತಾರಲ್ಲ, ಅದಕ್ಕೆ.

ಹೇಳಿಬಿಡುತ್ತೇನೆ. ಆ ಕಂಪ್ಯೂಟರಿನಲ್ಲಿ ನನ್ನ ಅಕ್ಕನ ದನಿ ಇತ್ತು.

ಅಕ್ಕ ಇರುವುದು ಸಿದ್ದಾಪುರದಲ್ಲಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಎಣ್ಣೆ ಹಚ್ಚುವ ಹಾಡು, ಆರತಿ ಹಾಡು, ಬೀಗರನ್ನು ಛೇಡಿಸುವ ಹಾಡು, ಹೆಣ್ಣು ಒಪ್ಪಿಸುವ ಹಾಡು, ಯಾವುದು ಬೇಕು ಕೇಳಿ, ಪುಸ್ತಕ ನೋಡದೆ ಹೇಳುತ್ತಿದ್ದಳು. ಹೆಣ್ಣು ಒಪ್ಪಿಸುವ ಹಾಡು ಹೇಳಿದರೆ ಗಂಡಿನ ಕಡೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಎರಡು ವರ್ಷದ ಕೆಳಗೆ ಅವಳ ಗಂಟಲಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಆಪರೇಶನ್ನಿಗೆ ಹದಿನೈದು ದಿನ ಇತ್ತು. ನಾನು ಬಟ್ಟೆಬರೆ ಕಟ್ಟಿಕೊಂಡು ಸಿದ್ದಾಪುರಕ್ಕೆ ಹೋಗಿ ಕೂತುಬಿಟ್ಟೆ. ಮೊಬೈಲನ್ನು ಅವಳ ಎದುರು ಒಂದು ಡಬ್ಬಿಗೆ ಒರಗಿಸಿಟ್ಟು, ದಿನಕ್ಕೆ ಎರಡೋ ಮೂರೋ ಹಾಡು ಹೇಳಿಸಿದೆ. ಒಟ್ಟು ಮೂವತ್ತೊಂದು. ಮೊದಮೊದಲಿನವು ಗಟ್ಟಿಯಾಗಿ, ಸ್ವಚ್ಛವಾಗಿ ಬಂದವು. ಬರಬರುತ್ತ ದನಿ ಒಡೆಯಿತು. ಕೊನೆಯ ನಾಲ್ಕೈದು ದಿನ ಒಂದು ಸಾಲಿಗೊಮ್ಮೆ ನೀರು ಕುಡಿಯುತ್ತಿದ್ದಳು.

ಶಿರಸಿಗೆ ಬಂದವಳು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ, ಒಂದರಿಂದ ಮೂವತ್ತೊಂದರ ತನಕ ನಂಬರು ಕೊಟ್ಟೆ. ಮೊಬೈಲಿನಲ್ಲಿ ಜಾಗ ಇಲ್ಲ ಎಂದು ಅದು ಗೋಳಾಡುತ್ತಿತ್ತು, ಅಲ್ಲಿಂದ ಅಳಿಸಿದೆ. ಇನ್ನೊಂದು ಪ್ರತಿ ಇರಲಿ ಎಂದು ಒಂದು ಪೆನ್ ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟೆ. ಎಷ್ಟು ಜಾಣೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುವರ್ಷ ವಜ್ರಳ್ಳಿಯಲ್ಲಿ ನಾದಿನಿಯ ಮಗಳ ಮದುವೆ. ಈಗ ಹಾಡು ಹೇಳುವವರು ಎಲ್ಲಿದ್ದಾರೆ? ಹೇಳುತ್ತಿದ್ದ ಅಕ್ಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಪಾಟಿ, ಕಡ್ಡಿ ಹಿಡಿದು ಕೂತಿದ್ದಾಳೆ. ಹೇಳಬೇಕಾದ್ದನ್ನೆಲ್ಲ ಬರೆದು ತೋರಿಸುತ್ತಾಳೆ. ನಾದಿನಿ ಮನೆಗೆ ಬಂದು, "ಅತ್ತಿಗೆ, ಅಕ್ಕನ ಹಾಡು ಸ್ಪೀಕರಿಗೆ ಹಾಕನ" ಎಂದು ಕೇಳಿದಳು. ನನಗೂ ಖುಷಿಯೇ ಆಯಿತು. ಬೀರುವಿನಲ್ಲಿದ್ದ ಪೆನ್ ಡ್ರೈವನ್ನೇ ತೆಗೆದುಕೊಟ್ಟೆ. ಮದುವೆಯ ದಿನ ಧಾರೆಯ ಹೊತ್ತಿಗೆ ಸ್ಪೀಕರಿನಲ್ಲಿ ಅಕ್ಕ ಹಾಡಿದಳು, ಅದೇ ಅಕ್ಕ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿದಳು. ನಾನು ಅವಳ ಕಡೆ ನೋಡಲಿಕ್ಕೆ ಹೋಗಲಿಲ್ಲ.

ಎರಡು ವಾರದ ಮೇಲೆ ನಾದಿನಿ ಪೆನ್ ಡ್ರೈವ್ ವಾಪಸ್ ಕಳಿಸಿದಳು. ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಯಾರದಾದರೂ ಮನೆಯಿಂದ ಪಾತ್ರೆಯಲ್ಲಿ ಪಾಯಸವೋ ಸಾಂಬಾರೋ ಬಂದರೆ, ಆ ಪಾತ್ರೆಯನ್ನು ಖಾಲಿ ಹಿಂದೆ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಉಂಡೆ ಬೆಲ್ಲ, ಎರಡು ಲಿಂಬೆಹಣ್ಣು, ಅದೂ ಇಲ್ಲದಿದ್ದರೆ ನಾಲ್ಕು ಮಲ್ಲಿಗೆ ಹೂವಾದರೂ ಹಾಕಿ ಕೊಡುವುದು. ಬರಿ ಪಾತ್ರೆ ಕೊಟ್ಟರೆ ಮನೆಯಲ್ಲಿ ಸಂಸ್ಕಾರ ಇಲ್ಲ ಎಂದೇ ಅರ್ಥ. ನಾನೂ ಹಾಗೇ ಬೆಳೆದವಳು, ಈಗಲೂ ಹಾಗೇ ಮಾಡುವವಳು. ನಾದಿನಿ ಪೆನ್ ಡ್ರೈವಿಗೂ ಅದನ್ನೇ ಮಾಡಿದಳು. ಯಾವುದೋ ಅಂಗಡಿಯಲ್ಲಿ ಮದುವೆಯ ಫೋಟೋ, ವಿಡಿಯೋ ಎಲ್ಲವನ್ನೂ ಅದಕ್ಕೆ ತುಂಬಿಸಿದ್ದಳು. ಜಾಗ ಸಾಲದೆ ಹೋದಾಗ ಒಳಗಿದ್ದ ಹಾಡುಗಳನ್ನು ಅಳಿಸಿಸಿದ್ದಳು. ಅತ್ತಿಗೆಯ ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ ಎಂದು.

ಅದು ನನಗೆ ಆಮೇಲೆ ಗೊತ್ತಾದದ್ದು. ಪೆನ್ ಡ್ರೈವ್ ಚುಚ್ಚಿದೆ. 'ಮದುವೆ' ಎಂದು ಬರೆದ ಒಂದು ಹಳದಿ ಚೌಕ ಕಂಡಿತು, ಅದರ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು. ಬಾಣ ಯಾಕೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು, ಅದು ಫೋಟೋ ಅಲ್ಲ, ಅಂಗಡಿಯಲ್ಲಿ ಅಂಟಿಕೊಂಡು ಬಂದ ವೈರಸ್. ಯೋಚಿಸಲಿಲ್ಲ, ಎರಡು ಸಲ ಒತ್ತಿದೆ. ಫೋಟೋ ತೆರೆಯಲಿಲ್ಲ. ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಇನ್ನೇನೋ ಹುಡುಕಲು ಅಕ್ಕನ ಹಾಡಿನ ಕಡತ ತೆರೆದರೆ, ಕಣ್ಣೆದುರೇ ಒಂದೊಂದೇ ಹಾಡಿನ ಹೆಸರಿಗೆ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಕೊಳ್ಳುತ್ತಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಬಿಡಿಸಿಕೊಳ್ಳಬೇಕಾದರೆ ನಮ್ಮನ್ನು ಸಂಪರ್ಕಿಸಿ. ನನಗೆ ಸಿಟ್ಟು ಬಂದರೆ ಕೈ ಮುಂದೆ, ಬುದ್ಧಿ ಹಿಂದೆ. ಗೋಡೆಯಿಂದ ವಯರನ್ನೇ ಕಿತ್ತು ಎಸೆದೆ. ಪ್ಲಗ್ಗಿನ ಜೊತೆ ಗೋಡೆಯ ಗಿಲಾವೂ ಒಂದು ಹಿಡಿ ಬಂತು.

ವಯರು ಕಿತ್ತದ್ದರಿಂದಲೇ ಕೊನೆಯ ಒಂಬತ್ತು ಉಳಿದವು. ಹಾಗೆಂದವನು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ನಾನೇ ಎರಡನೇ ಇಯತ್ತೆಯಲ್ಲಿ ಮಗ್ಗಿ ಕಲಿಸಿದವನು. ಈಗ ಅವನ ಗಡ್ಡ ಅರ್ಧ ಬಿಳಿ. ಯಂತ್ರವನ್ನು ನಾಲ್ಕು ದಿನ ಅಂಗಡಿಯಲ್ಲಿಟ್ಟುಕೊಂಡ. ಐದನೆಯ ದಿನ ಹೋದರೆ ಮೊದಲು ಕೂರಲಿಕ್ಕೆ ಸ್ಟೂಲು ಕೊಟ್ಟ, ಚಾ ತರಿಸಿದ. ಆಗಲೇ ನನಗೆ ತಿಳಿಯಿತು.

"ಅಕ್ಕೋರೆ, ಬೀಗ ಬಿದ್ದಿದ್ದಕ್ಕೆ ನನ್ನ ಹತ್ರ ಚಾವಿ ಇಲ್ರೀ. ಯಾರ ಹತ್ರಾನೂ ಇಲ್ಲ. ಒಂಬತ್ತು ಸಿಕ್ಕಿದೆ. ಬೇರೆ ಕಾಪಿ ಎಲ್ಲಾದ್ರೂ ಇಟ್ಟಿದ್ರಾ?"

"ಇಟ್ಟಿದ್ದೆ. ಅದೇ ಪೆನ್ ಡ್ರೈವಿನಲ್ಲಿ" ಎಂದೆ.

ಅವನು ಹಣೆಗೆ ಕೈ ಹಚ್ಚಿಕೊಂಡ. ಆಂಟಿವೈರಸ್ಸಿನ ಅವಧಿ ಮುಗಿದು ವರ್ಷವಾಗಿತ್ತು, ದಿನಾ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು, ನಾನು ದಿನಾ ಅದನ್ನು ಮುಚ್ಚುತ್ತಿದ್ದೆ. ಅದನ್ನೂ ಅವನು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಮನೆಗೆ ಬಂದು ನಾದಿನಿಗೆ ಫೋನು ಮಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಬೇಕೆಂದೇ ಮಾಡಿದ್ದು. ಅವಳು ಎತ್ತಿದ ಕೂಡಲೇ, "ಅತ್ತಿಗೆ, ಫೋಟೋ ನೋಡಿದ್ರ? ಖಾಲಿ ಕೊಡಲಾಗ ಹೇಳಿ ತುಂಬ್ಸಿ ಕೊಟ್ಟದ್ದು" ಎಂದಳು. ಅಷ್ಟು ಖುಷಿ ಇತ್ತು ಆ ದನಿಯಲ್ಲಿ. ಪಾತ್ರೆ ಖಾಲಿ ಕೊಡಬಾರದು ಎಂದು ಅವಳು ತನ್ನ ಮದುವೆಗೆ ಮುಂಚೆ ನಮ್ಮತ್ತೆಯ ಹತ್ತಿರ ಕಲಿತಳೋ, ನನ್ನ ಹತ್ತಿರವೇ ಕಲಿತಳೋ. ಬೈಯಬೇಕಾದವಳು ತಪ್ಪೇ ಮಾಡಿರದಿದ್ದರೆ ಆ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಹೊಟ್ಟೆಯಲ್ಲೇ ಕೂತು ಹುಳಿಯಾಗುತ್ತದೆ. "ನೋಡಿದೆ, ಚೊಲೋ ಬಂಜು" ಎಂದೆ. ಚೆನ್ನಾಗಿ ಬಂದಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಆ ಸಿಟ್ಟನ್ನೆಲ್ಲ ಪೆನ್ ಡ್ರೈವ್ ಜಾತಿಯ ಮೇಲೆ ತೀರಿಸಿಕೊಳ್ಳಲು ಹೊರಟೆ. ಯಾವುದೋ ವಿಡಿಯೋ ನೋಡಿ, ಕಂಪ್ಯೂಟರಿನ ಒಳಗಿನ ಸಲಕರಣೆಗಳ ಪಟ್ಟಿ ತೆರೆದು, ಯುಎಸ್‌ಬಿ ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ 'ಬೇಡ' ಎಂದು ಒತ್ತಿದೆ. ಮೂರನೆಯದಕ್ಕೆ ಪ್ರಿಂಟರ್ ಸತ್ತಿತು. ನಾಲ್ಕನೆಯದಕ್ಕೆ ಮೌಸೂ ಕೀಬೋರ್ಡೂ ಒಟ್ಟಿಗೇ ಹೋದವು. ಮೌಸಿನ ಬಾಣ ಪರದೆಯ ನಡುವೆ ನಿಂತೇಬಿಟ್ಟಿತು. ಸರಿ ಮಾಡಬೇಕೆಂದರೆ ಒತ್ತಬೇಕು, ಒತ್ತಬೇಕೆಂದರೆ ಮೌಸು ಬೇಕು. ಮೇಜಿಗೆ ಎರಡು ಗುದ್ದಿದೆ. ಮತ್ತೆ ಆ ರಿಪೇರಿಯವನಿಗೇ ಫೋನು.

ಸ್ಕೂಟರಿನಲ್ಲಿ ಬಂದವನು ನೋಡಿ ನಕ್ಕ. "ಅಕ್ಕೋರೆ, ಕಳ್ಳ ಬರ್ತಾನಂತ ಮನೆ ಬಾಗಿಲಿಗೇ ಗೋಡೆ ಕಟ್ಟಿಬಿಟ್ರಲ್ಲ! ಈಗ ನೀವು ಒಳಗೆ ಹೆಂಗೆ ಹೋಗೋದು?"

ಅದನ್ನೆಲ್ಲ ಸರಿಮಾಡಿ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಮೌಸು, ಕೀಬೋರ್ಡು ಬೇರೆ. ಸಾಮಾನು ಹೊತ್ತು ತರುವ ಪೆನ್ ಡ್ರೈವ್ ಬೇರೆ. ಎಲ್ಲ ಒಂದೇ ತೂತಿನಲ್ಲಿ ಬಂದರೂ ಕಂಪ್ಯೂಟರಿಗೆ ಅವು ಯಾರು ಯಾರೆಂದು ಗೊತ್ತಿರುತ್ತದೆ. ಅದರ ಹೊಟ್ಟೆಯೊಳಗಿನ ಒಂದು ದೊಡ್ಡ ದಾಖಲೆಯಲ್ಲಿ ಪೆನ್ ಡ್ರೈವಿನ ಸಾಲು ಹುಡುಕಿದ. ಅಲ್ಲಿ ಮೂರು ಎಂಬ ಅಂಕಿ ಇತ್ತು. ಮೂರನ್ನು ಅಳಿಸಿ ನಾಲ್ಕು ಮಾಡಿದ. ಅಷ್ಟೇ. ಇನ್ನು ಯಾವ ಪೆನ್ ಡ್ರೈವೂ ಒಳಗೆ ಬರುವುದಿಲ್ಲ, ಇಲ್ಲಿಂದ ಅದಕ್ಕೆ ಏನೂ ಹೋಗುವುದೂ ಇಲ್ಲ. ಆಮೇಲೆ ದಿನನಿತ್ಯದ ಕೆಲಸಕ್ಕೆ ಅಧಿಕಾರವಿಲ್ಲದ ಒಂದು ಖಾತೆ ಮಾಡಿ, ನಾಲ್ಕನ್ನು ಮತ್ತೆ ಮೂರು ಮಾಡುವ ಅಧಿಕಾರವನ್ನು ಬೇರೆ ಖಾತೆಯಲ್ಲಿಟ್ಟು, ಅದರ ಪಾಸ್‌ವರ್ಡನ್ನು ನನ್ನ ಕೈಯಲ್ಲೇ ಹೊಡೆಸಿದ. ಹೊಡೆಯುವಾಗ ಮುಖ ಆ ಕಡೆ ತಿರುಗಿಸಿದ್ದ. ಎರಡನೇ ಇಯತ್ತೆಯಲ್ಲಿ ಪಕ್ಕದವನ ಪಾಟಿ ನೋಡಿ ಬರೆಯುತ್ತಿದ್ದವನು.

ನಮ್ಮ ಜನ ಸುಲಭಕ್ಕೆ ಬಿಡುವವರೇ? ಪೆನ್ ಡ್ರೈವ್ ಬೇಡವಾದರೆ ಮೊಬೈಲಿನ ವಯರು ಹಾಕಿದರಾಯಿತು ಎಂದು ಎದುರು ಮನೆಯವರು ಕಂಡುಹಿಡಿದರು. ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ, ಬಂದು ನೋಡಿದರೆ ಅವರ ಮೊಬೈಲು ಹಾಯಾಗಿ ಪರದೆಯ ಮೇಲೆ ಬಿಚ್ಚಿಕೊಂಡು ಕೂತಿದೆ. ಸಟ್ಟುಗ ಹಿಡಿದುಕೊಂಡೇ ಕೂಗಿದೆ. ಆ ಮನುಷ್ಯ ಅರ್ಜಿ ಬಿಟ್ಟು ಎದ್ದುಹೋದರು, ತಿಂಗಳು ಮಾತಾಡಲಿಲ್ಲ. ಅದಕ್ಕೂ ಇನ್ನೊಂದು ಬೀಗ ಹಾಕಿಸಿದೆ. ಮೇಲ್ ಮಾಡಿ, ಪ್ರಿಂಟ್ ಕೊಡುತ್ತೇನೆ ಎಂದರೆ, ಮೇಲ್ ಮಾಡುವಷ್ಟು ಬಂದಿದ್ದರೆ ನಿಮ್ಮ ಮನೆಗೆ ಯಾಕೆ ಬರುತ್ತಿದ್ದೆವು ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಇಷ್ಟೆಲ್ಲ ಜಗಳ ಮಾಡಿ ನಾನು ಕಾಯುತ್ತಿದ್ದದ್ದು ಒಂಬತ್ತು ಒಡಕು ಹಾಡು, ಅಷ್ಟೇ. ಚಲೋ ಇದ್ದದ್ದೆಲ್ಲ ಹೋದ ಮೇಲೆ ಬೀಗ. ಅದನ್ನು ನೆನೆದರೆ ನನ್ನ ಮೈ ಈಗಲೂ ಉರಿಯುತ್ತದೆ.

ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಂಟು ತಿಂಗಳು ಕಳೆದೆ. ಅವಳು ಕೇಳಿದರೆ ತಾನೇ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮಾತು ಬಾರದವಳು ಕೇಳುವುದಿಲ್ಲ ಎಂಬ ಧೈರ್ಯ ಇತ್ತೋ ಏನೋ, ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳೇ ಬಸ್ಸು ಹತ್ತಿ ಬಂದಳು, ಒಬ್ಬಳೇ. ಆಸರಿಗೆಗೆಂದು ಕೊಟ್ಟ ಮಜ್ಜಿಗೆ ಕುಡಿದು, ಚೀಲದಿಂದ ಒಂದು ಹೊಸ ಪೆನ್ ಡ್ರೈವ್ ತೆಗೆದಳು. ಪ್ಲಾಸ್ಟಿಕ್ ಕವರು ಇನ್ನೂ ಒಡೆದಿರಲಿಲ್ಲ. ಅದನ್ನು ನೋಡಿದ್ದೇ ತಡ, ಅಭ್ಯಾಸಬಲದಿಂದ ನನ್ನ ಬಾಯಿ ಬಿಟ್ಟುಕೊಂಡಿತು. "ನೀನೂ ತಂದ್ಯ! ಎಷ್ಟು ಸಲ ಹೇಳವು, ಇಲ್ಲಿ ಪೆನ್ ಡ್ರೈವ್ ನಡೆತಿಲ್ಲೆ ಹೇಳಿ?"

ಅಕ್ಕ ಪಾಟಿ ತೆಗೆದು ಬರೆದಳು: ಎನ್ನ ದನಿ ಎಂಗೇ ಮರ್ತು ಹೋಜು. ಇದಕ್ಕೆ ಹಾಕಿ ಕೊಡು.

ತನ್ನ ದನಿ ತನಗೇ ಮರೆತುಹೋಗಿದೆ ಎಂದು. ಆಗ ನಾನು ಮಾಡಿದ್ದು ನೋಡಿ. ಬೀಗದ ಹಿಂದೆ ಅಡಗಿಕೊಂಡೆ. "ಕಂಪ್ಯೂಟರಿಗೆ ಬೀಗ ಹಾಕಿದ್ದು ಅಕ್ಕ. ಪೆನ್ ಡ್ರೈವಿಗೆ ಎಂತದೂ ಹೋಗ್ತಿಲ್ಲೆ" ಎಂದೆ. ಸುಳ್ಳಲ್ಲ. ಓಣಿಯವರಿಗೆಲ್ಲ ಹೇಳುತ್ತಿದ್ದದ್ದೂ ಅದೇ ಮಾತು.

ಅವಳು ಸೆರಗಿನ ತುದಿಯಿಂದ ಪಾಟಿ ಒರೆಸಿ ಬರೆದಳು: ಕೀಲಿ ನಿನ್ನ ಹತ್ರವೇ ಇದ್ದಲೆ?

ಇತ್ತು. ಆ ಪಾಸ್‌ವರ್ಡಿನ ಹನ್ನೆರಡು ಅಕ್ಷರವೂ ಬಾಯಿಪಾಠ ಇತ್ತು. ಇಲ್ಲದ್ದು ಹಾಡು. ಕೂತು ಎಲ್ಲವನ್ನೂ ಹೇಳಿದೆ. ನಾದಿನಿಯ ಮಾತು ಬಂದಲ್ಲಿ ಅವಳ ಮೇಲೆ ಹಾಕಬೇಕೆನಿಸಿತು, ಹಾಕಲಿಲ್ಲ. ಒತ್ತಿದ್ದು ನಾನು. ಮೊಬೈಲಿನಿಂದ ಅಳಿಸಿದ್ದೂ ನಾನು. ಒಂಬತ್ತು ಉಳಿದಿದೆ ಎಂದೆ.

ಹಾಕು ಎಂದು ಕೈ ಮಾಡಿದಳು. ಇಪ್ಪತ್ಮೂರನೆಯದನ್ನು ಹಾಕಿದೆ. ಒಡೆದ ದನಿ, ನಡುವೆ ಕೆಮ್ಮು, ನೀರು ಕುಡಿದ ಶಬ್ದ. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು, ಇನ್ನೊಂದನ್ನೂ ಕೇಳಿದಳು. ಮೂರನೆಯದು ಅರ್ಧವಾಗುವಾಗ ಕೈ ಎತ್ತಿ ನಿಲ್ಲಿಸಿದಳು. ಇದು ರೋಗದ ದನಿ ಎಂದು ಬರೆದಳು. ಎನ್ನದಲ್ಲ ಎಂದು ಅದರ ಕೆಳಗೆ ಬರೆದಳು. ಬೈದಿದ್ದರೆ, ಅತ್ತಿದ್ದರೆ ಏನಾದರೂ ಹೇಳಬಹುದಿತ್ತು. ಎರಡೂ ಮಾಡಲಿಲ್ಲ. ಆಮೇಲೆ ಮತ್ತೆ ಪಾಟಿ ಒರೆಸಿದಳು.

ಹೆಣ್ಣು ಒಪ್ಪಿಸ ಹಾಡು ನೀ ಹೇಳು.

ಆಗ ಸಿದ್ದಾಪುರದಲ್ಲಿ ಹದಿನೈದು ದಿನ ಅವಳ ಎದುರಿಗೆ ಕೂತಿದ್ದೆ. ರೆಕಾರ್ಡಿನ ಕೆಂಪು ಚುಕ್ಕೆ ಮಿನುಗುತ್ತಿದೆಯೋ ನೋಡಿದೆ, ಬ್ಯಾಟರಿ ನೋಡಿದೆ, ಪಕ್ಕದ ಮನೆಯ ಮಿಕ್ಸರಿಗೆ ಶಾಪ ಹಾಕಿದೆ. ಹಾಡು ಮೊಬೈಲಿನೊಳಗೆ ಹೋಗುತ್ತಿದೆಯಲ್ಲ ಎಂದು ಒಂದನ್ನೂ ಕಲಿಯಲಿಲ್ಲ. ಒಂದು ಹಾಡಿನ ಎರಡನೆಯ ಸಾಲೂ ನನಗೆ ಬರಲಿಲ್ಲ. "ಬತ್ತಿಲ್ಲೆ ಅಕ್ಕ" ಎಂದೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅವಳು ಪಾಟಿಯ ಮೇಲೆ ಮೊದಲ ಎರಡು ಸಾಲು ಬರೆದು ನನ್ನ ತೊಡೆಯ ಮೇಲಿಟ್ಟಳು. ಎಲ್ಲಿ ಎಳೆಯಬೇಕು ಅಲ್ಲಿ ಉದ್ದದ ಗೆರೆ, ಎಲ್ಲಿ ತಿರುಗಿಸಬೇಕು ಅಲ್ಲಿ ಒಂದು ಸುಳಿ. ಕೈಯಿಂದ ನನ್ನ ಮಂಡಿಯ ಮೇಲೆ ತಾಳ ಹಾಕಿದಳು. ನಾನು ಬಾಯಿ ತೆಗೆದೆ. ಮಗ್ಗಿ ಹೇಳಿಸಿ ಗಟ್ಟಿಯಾದ ಗಂಟಲು, ತಿರುಗಿಸುವಲ್ಲಿ ಮುರಿಯಿತು. ಅವಳು ಮಂಡಿಗೆ ಹೊಡೆದಳು. ಮತ್ತೆ ಹೇಳಿದೆ, ಮತ್ತೆ ಹೊಡೆದಳು. ನಾಲ್ಕನೆಯ ಸಲ ಕೈ ಎತ್ತಿ ತಡೆದು, ಪಾಟಿಯ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಬರೆದಳು: ಇದು ಬೈಯದು. ಹಾಡು ಹೇಳದಲ್ಲ.

ನಾನು ಹಾಡುತ್ತಿಲ್ಲ, ಬೈಯುತ್ತಿದ್ದೇನಂತೆ. ಓದಿ ನನಗೆ ಮತ್ತೆ ಸಿಟ್ಟೇ ಬಂತು. ಮೂಗು ಒರೆಸಿಕೊಂಡು ಮೊದಲಿಂದ ಶುರು ಮಾಡಿದೆ.